ನೀರು ನೋಡಿ ಗಾಳ ಹಾಕಿ



ನಿಮ್ಮಲ್ಲಿ ಕೆಲವರಿಗೆ ಗಾಳದ ಹುಚ್ಚು ಹತ್ತಿದೆಯೆಂದು ಕೇಳಿ ಸಂತೋಷವಾಯಿತು. (ನಿಮ್ಮ ತಾಯಂದಿರಿಗೂ ಆಗಿದೆಯೋ ಇಲ್ಲವೋ, ಅದು ಬೇರೆ ಮಾತು!) ಮರಾಠಿಯಲ್ಲಿ 'ಗಳ' ಎಂದರೂ ಕನ್ನಡದಲ್ಲಿ 'ಗಾಳ' ಎಂದರೂ ಒಂದೇ, ಆದ್ದರಿಂದ ಹೊಸ ಶಬ್ದ ಕಲಿಯುವ ಕಷ್ಟವಿಲ್ಲ. ಆದರೆ ಎರೆಹುಳು ಬಿಟ್ಟು ಲ್ಯೂರ್ ಹಿಡಿದವರೆಲ್ಲ ಮೊದಲು ಕೇಳುವುದು, "ಅಂಕಲ್, ಯಾವ ಬಣ್ಣದ್ದು ತರಲಿ?" ಎಂದು. ಇದನ್ನು ಅಂಗಡಿಯವನನ್ನು ಕೇಳಿ ಉಪಯೋಗವಿಲ್ಲ, ನೀರನ್ನೇ ಕೇಳಬೇಕು.

ಲ್ಯೂರ್ ಎಂದರೆ ಮರ, ಲೋಹ ಅಥವಾ ರಬ್ಬರಿನಲ್ಲಿ ಮಾಡಿದ ಸುಳ್ಳು ಮೀನು, ಸುಳ್ಳು ಕಪ್ಪೆ. ಅದಕ್ಕೆ ಹುಳುವಿನಂತೆ ವಾಸನೆಯಿಲ್ಲ, ರುಚಿಯಿಲ್ಲ. ಹಾಗಾಗಿ ಮೀನು ಅದನ್ನು ಕಣ್ಣಿನಿಂದ ಕಾಣಬೇಕು, ಇಲ್ಲವೇ ತನ್ನ ಮೈಯ ಎರಡೂ ಪಕ್ಕದಲ್ಲಿರುವ ಪಾರ್ಶ್ವರೇಖೆಯಿಂದ ನೀರಿನ ಅದುರುವಿಕೆಯನ್ನು ತಿಳಿಯಬೇಕು. ನೀರು ತಿಳಿಯಾಗಿದ್ದರೆ ಕಣ್ಣಿನ ಕೆಲಸ, ಬಗ್ಗಡವಾಗಿದ್ದರೆ ಪಾರ್ಶ್ವರೇಖೆಯ ಕೆಲಸ. ಉಳಿದ ಲೆಕ್ಕವೆಲ್ಲ ಇದರಿಂದಲೇ ಹೊರಡುತ್ತದೆ.

ದಡದಲ್ಲಿ ನಿಂತು ಲ್ಯೂರನ್ನು ನೇರವಾಗಿ ನೀರಿಗೆ ಇಳಿಸಿ ನೋಡಿ. ಒಂದು ಗೇಣು (ಹರಡಿದ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಅಜ್ಜಿಯರು ಹೂ ಅಳೆಯುವುದನ್ನು ನೋಡಿರುತ್ತೀರಿ) ಇಳಿಯುವಷ್ಟರಲ್ಲೇ ಮರೆಯಾದರೆ ಅದು ಬಗ್ಗಡ. ಜೂನ್, ಜುಲೈ ತಿಂಗಳ ಕೆನ್ನೀರು ಹೀಗಿರುತ್ತದೆ. ಆಗ ತಗಡಿನ ಎಲೆ ಗಿರಗಿರನೆ ತಿರುಗಿ ನೀರನ್ನು ಬಡಿಯುವ ದೊಡ್ಡ ಸ್ಪಿನ್ನರ್ ಬೇಕು. ಬಣ್ಣ ಹಿತ್ತಾಳೆಯದು, ಇಲ್ಲವೇ ಕಡುಕಪ್ಪು. ಕಪ್ಪೇಕೆ? ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನೆದುರು ಕಪ್ಪು ಆಕೃತಿ ಎದ್ದು ಕಾಣುತ್ತದೆ. ದಡದ ಹತ್ತಿರವೇ ಎಸೆದು ನಿಧಾನವಾಗಿ ಎಳೆಯಿರಿ, ಕುರುಡನಿಗೆ ದಾರಿ ತೋರಿಸುವಂತೆ.

ಎರಡು ಮೊಳ ಇಳಿದರೂ ಕಾಣುತ್ತಿದ್ದರೆ ತಿಳಿನೀರು. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಮೇಲ್ಭಾಗದ ಹೊಳೆಗಳಲ್ಲಿ ಇದು ಸಿಗುತ್ತದೆ. ಇಲ್ಲಿ ಸಣ್ಣ ಬೆಳ್ಳಿ ಬಣ್ಣದ ಸ್ಪೂನ್, ಸಣ್ಣ ದಾರ, ದೂರದ ಎಸೆತ. ನಿಮ್ಮ ನೆರಳು ನೀರಿಗೆ ಬಿತ್ತೋ, ಮನೆಗೆ ಹೊರಡಬಹುದು. ಕೆಂಪು ಲ್ಯೂರ್ ನೋಡಿ ಮರುಳಾಗಬೇಡಿ. ಆಳಕ್ಕೆ ಹೋದಂತೆ ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಜನವರಿಯ ಚಳಿಯಲ್ಲಿ ಮೀನಿನ ಮೈಯೂ ಜಡವಾಗಿರುತ್ತದೆ, ಎಳೆತವನ್ನು ಅರ್ಧಕ್ಕೆ ಇಳಿಸಿ. ಫಿನ್ಲೆಂಡಿನ ಲೌರಿ ರಾಪಲಾ ಎಂಬ ಬೆಸ್ತ 1936ರಲ್ಲಿ ಲ್ಯೂರ್ ಕೆತ್ತಿದಾಗ ಅದಕ್ಕೆ ಗಾಯಗೊಂಡ ಮರಿಮೀನಿನ ಕುಂಟುನಡೆ ಕೊಟ್ಟ. ದೊಡ್ಡ ಮೀನು ಗುಂಪಿನಲ್ಲಿ ಕುಂಟುವುದನ್ನೇ ಆರಿಸುತ್ತದೆಂಬುದನ್ನು ಅವನು ಕಂಡಿದ್ದ. ಬಣ್ಣಕ್ಕಿಂತ ನಡೆ ಮುಖ್ಯ ಎಂಬುದು ನನ್ನ ಅಭಿಪ್ರಾಯವೂ ಹೌದು.

ಈಗ ನಮ್ಮ ಖಡಕಿಗೆ ಬರೋಣ. ಹೋಳ್ಕರ್ ಸೇತುವೆಯ ಮೇಲೆ ನಿಂತು ಮುಳಾ ನದಿಯನ್ನು ನೋಡಿ. ಬೇಸಿಗೆಯಲ್ಲಿ ಎಷ್ಟೋ ಕಡೆ ನೀರೇ ಕಾಣದಷ್ಟು ಜಲಪರ್ಣಿ. ಇಲ್ಲಿ ಸ್ಪೂನ್ ಎಸೆದರೆ ಒಂದು ಹೊರೆ ಸೊಪ್ಪು ಬರುತ್ತದೆ ಅಷ್ಟೇ. ಕೊಕ್ಕೆಯ ಮೊನೆ ಬೆನ್ನಿಗೆ ಅಂಟಿಕೊಂಡಿರುವ ರಬ್ಬರಿನ ಕಪ್ಪೆಯೊಂದೇ ಇಲ್ಲಿಗೆ ಸರಿ. ಎಲೆಗಳ ಮೇಲೆ ಎಸೆದು, ಕುಪ್ಪಳಿಸುತ್ತ ತಂದು, ನೀರು ಕಾಣುವ ಕಿಂಡಿಯಲ್ಲಿ ನಿಲ್ಲಿಸಿ. ಮೇಲೆರಗುವುದು ಮರಾಠಿಯ ಮರಳ್, ನಮ್ಮ ಕೊರಮೀನು. ಎರಗಿದೊಡನೆ ಎಳೆಯದೆ, ಎರಡು ಎಣಿಸಿ ಆಮೇಲೆ ಎಳೆಯಿರಿ.

ಆ ಮೀನೇ ಏಕೆ? ಅದು ತಲೆಯೆತ್ತಿ ಗಾಳಿಯನ್ನೇ ಉಸಿರಾಡಬಲ್ಲದು. ಕೊಳಚೆ ಸೇರಿ ಪ್ರಾಣವಾಯು ಕಡಿಮೆಯಾದ ನೀರಿನಲ್ಲೂ ಬದುಕುತ್ತದೆ. ಬದುಕಲಾರದ ಮೀನಿನ ಕಥೆಯನ್ನೂ ನೀವು ತಿಳಿದಿರಬೇಕು. 1817ರ ಖಡಕಿ ಯುದ್ಧದಲ್ಲಿದ್ದ ಕರ್ನಲ್ ಸೈಕ್ಸ್ ಎಂಬಾತ ಮುಂದೆ ದಖ್ಖನಿನ ಮೀನುಗಳ ಅಧ್ಯಯನ ಮಾಡಿದರು. 1839ರಲ್ಲಿ ಅವರು 'ಖುದ್ರೀ' ಎಂದು ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದ ಮಹಸೀರ್ ಇದೇ ಮುಳಾ-ಮುಠಾ ನದಿಯದು! ರಜೆಗೆ ಊರಿಗೆ ಹೋದಾಗ ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಮುಂದೆ ಮುತ್ತಿಕೊಳ್ಳುವ ದೇವರ ಮೀನುಗಳನ್ನು ನೋಡಿದ್ದೀರಲ್ಲ, ಅವೂ ಮಹಸೀರ್ ಕುಲದವೇ. ಅಲ್ಲಿ ಅವಕ್ಕೆ ಗಾಳವಿಲ್ಲ, ನೈವೇದ್ಯ. ಕಾವೇರಿಯಲ್ಲಿ ಮಹಸೀರ್ ಹಿಡಿಯುತ್ತಿದ್ದವರು ಲ್ಯೂರನ್ನೂ ಬಿಟ್ಟು ರಾಗಿ ಮುದ್ದೆಯನ್ನೇ ಗಾಳಕ್ಕೆ ಕಟ್ಟುತ್ತಿದ್ದರು. ಮುದ್ದೆ ಕಂಡರೆ ಮುಖ ತಿರುಗಿಸುವ ನಿಮಗಿಂತ ಆ ಮೀನಿಗೆ ರುಚಿ ಚೆನ್ನಾಗಿ ಗೊತ್ತಿತ್ತು. ಹರಿಯುವ ತಿಳಿನೀರು, ಕಲ್ಲುತಳ ಬೇಡುವ ಮೀನದು. ನಗರದೊಳಗಿನ ನಮ್ಮ ನದಿಯಲ್ಲಿ ಅದಕ್ಕೆ ಈಗ ಜಾಗವಿಲ್ಲ. ಇಲ್ಲಿಂದ ಹತ್ತಿರವೆಂದರೆ ಲೋಣಾವಳ, ಅಲ್ಲಿನ ವಳವಣ ಕೆರೆಯ ಬಳಿ ಟಾಟಾದವರು 1970ರ ದಶಕದಿಂದ ಅದರ ಮರಿ ಮಾಡಿಸಿದ್ದಾರೆ.

ಹಾಗಾಗಿ ನಿಮ್ಮ ಡಬ್ಬಿಯಲ್ಲಿ ಕಪ್ಪೆಯ ಪಕ್ಕದಲ್ಲಿ ಒಂದು ಬೆಳ್ಳಿ ಸ್ಪೂನ್ ಕೂಡ ಇರಲಿ, ಊರಾಚೆ ಹೋದಾಗ ಬೇಕಾಗುತ್ತದೆ. ಅಣೆಕಟ್ಟಿನ ನೀರಾದರೆ ಅನುಮತಿ ಕೇಳಿ. ಇಲ್ಲಿ ಸೈನ್ಯದ ಜಾಗವಿರುವ ದಡಕ್ಕೆ ಹೋಗಲೇಬೇಡಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಕೊಳ್ಳಿ, ಮೀನನ್ನು ಬಿಡುವುದು ಸುಲಭ. ಮುಳಾ ನದಿಯ ಮೀನನ್ನು ಅಡಿಗೆಮನೆಗೆ ತರಬೇಡಿ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿಗೆ ಲ್ಯೂರ್ ಎಸೆಯಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಹಸಿವಿಲ್ಲದಿದ್ದರೂ ಸಿಟ್ಟಿಗೇ ಕಚ್ಚುತ್ತವೆ, ಅವು ದಡಕ್ಕೆ ಬಂದಷ್ಟು ಹೊತ್ತಿನಲ್ಲಿ ಮರಿಗಳು ಬೇರೆ ಮೀನಿನ ಬಾಯಿಗೆ ಹೋಗಿರುತ್ತವೆ.