ಅರ್ಕಾವತ್ತಿನ ಸ್ಥಾನಾಂತರ: ಕೋಡಿನ ತುಣುಕು ಮತ್ತು ಅದರ ಟಿಪ್ಪಣಿ

ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವರು ತಮ್ಮ ಕೋಡಿನ ತುಣುಕುಗಳನ್ನೂ ಅವುಗಳಿಗೆ ಸಂಬಂಧಿಸಿದ ಟಿಪ್ಪಣಿಗಳನ್ನೂ ಪರಸ್ಪರ ಹಂಚಿಕೊಳ್ಳುವ ಪದ್ಧತಿಯು ಆ ವೃತ್ತಿಯಷ್ಟೇ ಹಳೆಯದು. ಇತಿಹಾಸದ ಅಧ್ಯಾಪಕರು ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಗಣಕದ ಮೇಲೆ ಸಿದ್ಧವಾದ ಕನ್ನಡ ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಸಂಶೋಧನೆ ನಡೆಯಿಸಬಯಸುವವರು ಇದನ್ನು ತಿಳಿಯದೆ ಒಂದು ಹೆಜ್ಜೆಯನ್ನೂ ಮುಂದಿಡಲಾರರು. ನಮ್ಮ ಅನುಭವವೇ ಇದಕ್ಕೆ ಸಾಕ್ಷಿ.

ಹುಬ್ಬಳ್ಳಿಗೆ ಹೊಂದಿಕೊಂಡಿರುವ ಗಬ್ಬೂರ ಹಾಗೂ ಅದರ ಸುತ್ತಲಿನ ಊರುಗಳ ಹಿರಿಯರಿಂದ ಹಿಂದೆ ಸಂಗ್ರಹಿಸಿದ ಸ್ಥಳೀಯ ಇತಿಹಾಸದ ಕಡತಗಳು ನಮ್ಮಲ್ಲಿ ಕೆಲವಿವೆ. (ಇದು ರಾಯಚೂರು ಜಿಲ್ಲೆಯ ಶಾಸನಪ್ರಸಿದ್ಧವಾದ ಗಬ್ಬೂರಲ್ಲ, ಹೆಸರಿನ ಸಾಮ್ಯದಿಂದ ಗೊಂದಲವಾಗದಿರಲೆಂದು ಈ ಮಾತು.) ಅವೆಲ್ಲವೂ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು. ಇಂದಿನ ಗಣಕದಲ್ಲಿ ತೆರೆದು ನೋಡಲು ಕನ್ನಡದ ಒಂದಕ್ಷರವೂ ಕಾಣದೆ, ಯುರೋಪಿನ ನಾನಾ ಭಾಷೆಗಳ ಅಕ್ಷರಗಳು ಕಲಸಿಹೋದಂತೆ ತೋರಿದುವು. ಪರಿಚಿತರೊಬ್ಬರು ಪರಿವರ್ತನೆಗೆಂದು ಸಣ್ಣದೊಂದು ಕೋಡನ್ನು ಕಳುಹಿಸಿಕೊಟ್ಟರು. ಅದು ಎಲ್ಲಿಂದ ಬಂದಿತು, ಬರೆದವರಾರು ಎಂಬ ವಿವರವೊಂದೂ ಅದರಲ್ಲಿರಲಿಲ್ಲ. ಅದನ್ನು ಓಡಿಸಿದಾಗ ಕನ್ನಡವೇನೋ ಬಂದಿತು. ಆದರೆ ‘ಕರ್ನಾಟಕ’ವು ‘ಕನಾರ್ಟಕ’ವಾಗಿ, ‘ಧರ್ಮ’ವು ‘ಧಮರ್’ ಆಗಿ, ‘ಮೂರ್ತಿ’ಯೆಂಬ ಹೆಸರಿನ ಸಭ್ಯಗೃಹಸ್ಥರೆಲ್ಲರೂ ‘ಮೂತಿರ್’ಗಳಾಗಿ ಹೊರಬಂದರು.

ಇದು ಏಕಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಲೇಸು. ಗಣಕವು ಅಕ್ಷರಗಳನ್ನು ಅಂಕಿಗಳಾಗಿ ಸಂಗ್ರಹಿಸುತ್ತದೆ. ಹಳೆಯ ವಿನ್ಯಾಸದಲ್ಲಿ ಲಭ್ಯವಿದ್ದ ಸ್ಥಾನಗಳು ೨೫೬ ಮಾತ್ರ. ಅವು ರೋಮನ್ ಲಿಪಿಗಾಗಿ ಮೀಸಲಾಗಿದ್ದುವು. ಕನ್ನಡದ ಫಾಂಟುಗಳನ್ನು ರೂಪಿಸಿದವರು ಅದೇ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಆಕಾರಖಂಡಗಳನ್ನು ಕುಳ್ಳಿರಿಸಿದರು. ಹೀಗಾಗಿ ನುಡಿಯಲ್ಲಿ ‘ಕ’ಕಾರದ ಒಡಲು ಇಂಗ್ಲಿಷಿನ ‘ಪಿ’ ಅಕ್ಷರದ ಸ್ಥಾನದಲ್ಲಿದೆ, ‘ನ’ಕಾರದ್ದು ಪೌಂಡ್ ನಾಣ್ಯದ ಚಿಹ್ನೆಯ ಸ್ಥಾನದಲ್ಲಿದೆ, ತಲೆಕಟ್ಟಿಗೆ ಬೇರೆಯೇ ಒಂದು ಸ್ಥಾನ. ‘ಮ’ಕಾರಕ್ಕೆ ಸ್ವಂತ ಮನೆಯೇ ಇಲ್ಲ, ‘ವ’ಕಾರದ ಒಡಲು, ತಲೆಕಟ್ಟು, ಅದರ ಮುಂದೊಂದು ಬಾಲ, ಹೀಗೆ ಮೂರು ಖಂಡಗಳು ಸೇರಿ ‘ಮ’ ಎನಿಸುತ್ತದೆ. ಆದುದರಿಂದ ಪರಿವರ್ತಿಸುವ ಕೋಡು ಮೂರು ಖಂಡಗಳ ಜೋಡಣೆಯನ್ನು ಮೊದಲು ಹುಡುಕಿ, ಅದು ದೊರೆಯದಿದ್ದಲ್ಲಿ ಮಾತ್ರ ಎರಡು ಖಂಡಗಳದನ್ನು ಹುಡುಕಬೇಕು. ಕ್ರಮ ತಪ್ಪಿದರೆ ‘ಮ’ಕಾರಗಳೆಲ್ಲ ‘ವ’ಕಾರಗಳಾಗಿ ಬಾಲಗಳು ಅನಾಥವಾಗಿ ಉಳಿಯುವುವು.

ಅರ್ಕಾವತ್ತಿನ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ‘ಧರ್ಮ’ ಎಂಬಲ್ಲಿ ರೇಫವನ್ನು ಮೊದಲು ಉಚ್ಚರಿಸಿ ಅನಂತರ ಮಕಾರವನ್ನು ಉಚ್ಚರಿಸುತ್ತೇವೆ. ಬರೆಯುವಾಗಲಾದರೋ ಮೊದಲು ಮಕಾರ, ಆಮೇಲೆ ಅರ್ಕಾವತ್ತು. ಹಳೆಯ ಫಾಂಟುಗಳು ಬರೆಹದ ಕ್ರಮವನ್ನು ಅನುಸರಿಸಿದುವು. ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಆದಕಾರಣ ಪರಿವರ್ತಕವು ಅರ್ಕಾವತ್ತನ್ನು ಕಂಡೊಡನೆ ಹಿಂದಕ್ಕೆ ಸರಿದು, ಸ್ವರಚಿಹ್ನೆಯಿದ್ದರೆ ಅದನ್ನೂ, ಒತ್ತಕ್ಷರವಿದ್ದರೆ ಅದನ್ನೂ ದಾಟಿ, ಮೂಲವ್ಯಂಜನದ ಮುಂದೆ ರೇಫವನ್ನು ಇರಿಸಬೇಕು. ಈ ಕೆಲಸಕ್ಕೆ ಬೇಕಾದುದು ಕೋಡಿನ ಕೆಲವೇ ಸಾಲುಗಳು. ನಮಗೆ ಬಂದ ಪ್ರತಿಯಲ್ಲಿ ಆ ಸಾಲುಗಳೇ ಇರಲಿಲ್ಲ. ಅವುಗಳ ಪ್ರಯೋಜನವನ್ನು ತಿಳಿಸುವ ಟಿಪ್ಪಣಿಯು ಯಾವುದೋ ಹಸ್ತಾಂತರದಲ್ಲಿ ಮೊದಲು ಬಿದ್ದುಹೋಗಿ, ಬಳಿಕ ಯಾರೋ ಅವು ಅನವಶ್ಯಕವೆಂದು ಕಿತ್ತಿರಬೇಕೆಂದು ನಾವು ಊಹಿಸುತ್ತೇವೆ. ಹಸ್ತಪ್ರತಿಗಳ ವಂಶಾವಳಿಯನ್ನು ಬಲ್ಲವರಿಗೆ ಇಂತಹ ಲೋಪವು ಹೊಸದಲ್ಲ. ಲಿಪಿಕಾರನು ತನಗೆ ಅರ್ಥವಾಗದುದನ್ನೇ ಮೊದಲು ಬಿಡುತ್ತಾನೆ.

ಗಣಕಶಾಸ್ತ್ರದ ಆದ್ಯರು ಟಿಪ್ಪಣಿಯ ಬೆಲೆಯನ್ನು ಚೆನ್ನಾಗಿ ಅರಿತಿದ್ದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ೧೯೪೯ರಲ್ಲಿ ಕಾರ್ಯಾರಂಭ ಮಾಡಿದ ಎಡ್‌ಸ್ಯಾಕ್ ಗಣಕಕ್ಕಾಗಿ ಪದೇ ಪದೇ ಬೇಕಾಗುವ ಕೋಡಿನ ತುಣುಕುಗಳನ್ನು ರಂಧ್ರಿತ ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿ ಒಂದು ಭಂಡಾರವನ್ನೇ ಕಟ್ಟಿದ್ದರು. ವಿಲ್ಕ್ಸ್, ವ್ಹೀಲರ್ ಮತ್ತು ಗಿಲ್ ಅವರು ೧೯೫೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ತುಣುಕುಗಳ ಜೊತೆಗೆ ಅವುಗಳ ಬಳಕೆಯ ವಿವರಣೆಯೂ ಇದೆ. ಅಮೇರಿಕೆಯಲ್ಲಿ ಐಬಿಎಂ ೭೦೪ ಗಣಕದ ಬಳಕೆದಾರರು ೧೯೫೫ರಲ್ಲಿ ಕಟ್ಟಿಕೊಂಡ ಸಂಘಕ್ಕೆ ‘ಷೇರ್’, ಎಂದರೆ ಹಂಚಿಕೊಳ್ಳು, ಎಂಬುದೇ ಹೆಸರು. ೨೦೦೫ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ವ್ಯವಸ್ಥೆಯಂತೂ ಪ್ರತಿಯೊಂದು ಬದಲಾವಣೆಯನ್ನು ಯಾರು, ಎಂದು ಮಾಡಿದರೆಂಬುದನ್ನು ತಾನೇ ದಾಖಲಿಸುತ್ತದೆ. ಏಕೆ ಮಾಡಿದರೆಂಬುದನ್ನು ಮಾತ್ರ ಮನುಷ್ಯನೇ ಬರೆಯಬೇಕು. ಅಲ್ಲಿಯೇ ಸೋಮಾರಿತನ ಕಾಣುವುದು.

ಅನುಮತಿಯ ಪ್ರಶ್ನೆಯೂ ಒಂದಿದೆ. ಬಹಿರಂಗವಾಗಿ ಕಾಣುವ ಕೋಡೆಲ್ಲವೂ ಯಾರ ಸ್ವತ್ತೂ ಅಲ್ಲವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಇದು ತಪ್ಪು. ಕರ್ತೃವು ಲೈಸೆನ್ಸಿನ ಮೂಲಕ ಅನುಮತಿಸದಿದ್ದರೆ ಹಕ್ಕು ಅವನಲ್ಲಿಯೇ ಉಳಿಯುತ್ತದೆ.

ಟಿಪ್ಪಣಿಯೊಂದೇ ಗತಿಯಾದ ಪ್ರಸಂಗವೊಂದು ಹಳಗನ್ನಡದ ಅಭ್ಯಾಸಿಗಳಿಗೆ ಸ್ವಾರಸ್ಯವೆನಿಸೀತು. ಶಾಸನಗಳಲ್ಲಿ ಬರುವ ‘ೞ’ಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ದೊರೆತಿದೆ, ಆದರೆ ಪ್ರಮಾದವಶಾತ್ ಅದಕ್ಕೆ ‘ಫ’ ಎಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಅಲ್ಲಿಯ ನಿಯಮ; ಲೋಕದ ಪ್ರೋಗ್ರಾಮುಗಳು ಆ ಹೆಸರನ್ನು ನೆಚ್ಚಿಕೊಂಡಿರುವುದೇ ಅದಕ್ಕೆ ಕಾರಣ. ಆದುದರಿಂದ ಹೆಸರನ್ನು ಹಾಗೆಯೇ ಬಿಟ್ಟು, ಅದು ತಪ್ಪೆಂಬ ಟಿಪ್ಪಣಿಯನ್ನು ಪಟ್ಟಿಕೆಯಲ್ಲಿ ಸೇರಿಸಲಾಗಿದೆ. ಹೆಸರನ್ನು ಮಾತ್ರ ನೋಡಿ ಕೋಡು ಬರೆಯುವವನು ಶಾಸನದ ‘ೞ’ಕಾರಗಳನ್ನೆಲ್ಲ ‘ಫ’ಕಾರಗಳನ್ನಾಗಿ ಮಾಡುವ ಅಪಾಯವಿದೆ.

ನಮ್ಮ ಕಡತಗಳ ಮಾತಿಗೆ ಮರಳುವುದಾದರೆ, ಕನ್ನಡದ ಸ್ವಯಂಸೇವಕ ತಂತ್ರಜ್ಞರು ಲೈಸೆನ್ಸ್ ಸಹಿತವಾಗಿ ಗಿಟ್‌ಹಬ್‌ನಲ್ಲಿ ಮುಕ್ತವಾಗಿರಿಸಿರುವ ಪರಿವರ್ತಕವೊಂದನ್ನು ಅನಂತರ ಬಳಸಿದೆವು. ಅರ್ಕಾವತ್ತುಗಳು ಸ್ವಸ್ಥಾನವನ್ನು ಸೇರಿದುವು; ಒಂದೆರಡು ವಿರಳವಾದ ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕಾಯಿತು. ಯಾವ ಪರಿವರ್ತಕ, ಎಂದು ಬಳಸಿದ್ದು, ಏನನ್ನು ತಿದ್ದಿದ್ದು ಎಂಬುದನ್ನು ಪ್ರತಿಯೊಂದು ಕಡತದ ಆರಂಭದಲ್ಲಿ ನಮೂದಿಸಿದ್ದೇವೆ. ಹಳೆಯ ಕಡತಗಳನ್ನು ಅಳಿಸಿಲ್ಲ. ‘ಮೂತಿರ್’ಗಳಿದ್ದ ಪ್ರತಿಯನ್ನೂ ವಿದ್ಯಾರ್ಥಿಗಳಿಗೆ ತೋರಿಸಲೆಂದು ಇರಿಸಿಕೊಂಡಿದ್ದೇವೆ.