ಜಾಲತಾಣದ ಅಂಗಡಿ ಮತ್ತು ವಿಕಲಚೇತನ ಗಿರಾಕಿ

ಹಿಂದೆ ಅಂಧರೊಬ್ಬರು ಖಾತೆ ತೆರೆಯಲು ಬ್ಯಾಂಕಿನ ಶಾಖೆಗೆ ಬಂದರೆ ಸಿಬ್ಬಂದಿಗೆ ದೊಡ್ಡ ಚಿಂತೆಯಾಗುತ್ತಿತ್ತು. ಸಹಿ ಪ್ರತಿ ಸಲವೂ ಹೊಂದುವುದೇ, ಚೆಕ್ ಪುಸ್ತಕ ಕೊಡಬಹುದೇ, ಸಾಕ್ಷಿ ಯಾರು ಎಂಬ ಪ್ರಶ್ನೆಗಳು ಏಳುತ್ತಿದ್ದವು. ಚೆನ್ನಾಗಿ ಓದಿಕೊಂಡ ಅಂಧ ಅಧ್ಯಾಪಕರು ಕೂಡ ಹೆಬ್ಬೆಟ್ಟಿನ ಗುರುತು ಹಾಕಿ, ಜೊತೆಗೊಬ್ಬರನ್ನು ಕರೆತಂದು ತಮ್ಮದೇ ಸಂಬಳವನ್ನು ಪಡೆಯಬೇಕಾದ ಪ್ರಸಂಗಗಳು ಉಂಟು. 2008ರ ಜೂನ್ ತಿಂಗಳಿನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಚೆಕ್ ಪುಸ್ತಕ, ಲಾಕರು, ಎ.ಟಿ.ಎಂ. ಮೊದಲಾದ ಯಾವ ಸೌಲಭ್ಯವನ್ನೂ ದೃಷ್ಟಿಹೀನರಿಗೆ ನಿರಾಕರಿಸಕೂಡದೆಂದು ತಿಳಿಸಿತು. 2012ರಲ್ಲಿ ಯೂನಿಯನ್ ಬ್ಯಾಂಕು ಅಹಮದಾಬಾದಿನಲ್ಲಿ ದೇಶದ ಮೊದಲ ಮಾತನಾಡುವ ಎ.ಟಿ.ಎಂ. ಯಂತ್ರವನ್ನು ಸ್ಥಾಪಿಸಿತು. (ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಂದೇ ದಿನ ವಿಲೀನಗೊಂಡದ್ದು ಇದೇ ಬ್ಯಾಂಕಿನಲ್ಲಿ ಎಂಬುದು ಇಲ್ಲಿಯ ಕನ್ನಡಿಗರಿಗೆ ನೆನಪಿರಬಹುದು.) 2014ರ ಜುಲೈ 1ರಿಂದ ಹೊಸದಾಗಿ ಇಡುವ ಎ.ಟಿ.ಎಂ. ಯಂತ್ರಗಳೆಲ್ಲವೂ ಮಾತನಾಡುವಂಥವೇ ಆಗಿರಬೇಕೆಂದು ವಿಧಿಸಲಾಯಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ಬ್ಯಾಂಕೇ ಸ್ಥಳ ಬದಲಾಯಿಸಿತು. ಬ್ಯಾಂಕು ಮಾತ್ರವಲ್ಲ, ಬಟ್ಟೆಯಂಗಡಿ, ಔಷಧದ ಅಂಗಡಿ, ಬಸ್ಸಿನ ಟಿಕೆಟ್ಟು, ವಿದ್ಯುತ್ತಿನ ಬಿಲ್ಲು ಎಲ್ಲವೂ ಇಂದು ಅಂಗೈಯಗಲದ ಗಾಜಿನ ಮೇಲೆ ಬಂದು ನಿಂತಿವೆ. ನಡೆಯಲಾರದವರಿಗೆ ಇದರಿಂದ ಎಷ್ಟು ಅನುಕೂಲವಾಗಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ಈ ಹೊಸ ಬಾಗಿಲು ಎಷ್ಟೋ ಕಡೆ ಮುಚ್ಚಿಯೇ ಇದೆ.

ಅಂಧರು ಗಣಕಯಂತ್ರವನ್ನೂ ಮೊಬೈಲನ್ನೂ ಬಳಸುವ ಬಗೆಯನ್ನು ನೋಡಿರದವರಿಗೆ ಇದು ಒಗಟಿನಂತೆ ತೋರಬಹುದು. ಪರದೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್.ವಿ.ಡಿ.ಎ. ಎಂಬುದು ಉಚಿತವಾಗಿಯೇ ದೊರೆಯುತ್ತದೆ. ಕನ್ನಡವನ್ನೂ ತೆಲುಗನ್ನೂ ಓದುತ್ತದೆ. ಅದು ಪುಟವನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತ ಹೋಗುತ್ತದೆ. ಕೇಳುವವರು ಕೀಲಿಮಣೆಯನ್ನೊತ್ತಿ ಮುಂದುವರಿಯುತ್ತಾರೆ. ವಿಜಯವಾಡದ ಬೆಸೆಂಟ್ ರಸ್ತೆಯ ಬಟ್ಟೆ ವ್ಯಾಪಾರಿಯೊಬ್ಬರು ಜಾಲತಾಣ ತೆರೆದಿದ್ದಾರೆಂದು ಭಾವಿಸೋಣ. ಸೀರೆಯ ಚಿತ್ರವೇನೋ ಅಂದವಾಗಿದೆ. ಆದರೆ ಚಿತ್ರಕ್ಕೆ ವಿವರಣೆಯ ಒಂದು ಸಾಲನ್ನೂ ಸೇರಿಸಿಲ್ಲ. ತಂತ್ರಾಂಶವು ಸೀರೆಯ ಬಣ್ಣವನ್ನು ಹೇಳುವ ಬದಲು ಕಡತದ ಸಂಖ್ಯೆಯನ್ನು ಒದರುತ್ತದೆ. ಕೊಳ್ಳುವ ಗುಂಡಿಗೆ ಹೆಸರಿಲ್ಲ. 'ಬಟನ್, ಬಟನ್, ಬಟನ್' ಎಂದಷ್ಟೇ ಕೇಳಿಸುತ್ತದೆ. ಯಾವುದನ್ನು ಒತ್ತಿದರೆ ಕೊಂಡಂತೆ, ಯಾವುದನ್ನು ಒತ್ತಿದರೆ ಬಿಟ್ಟಂತೆ? ವಿಳಾಸ ತಪ್ಪಿದ್ದರೆ ಆ ಮನೆಯ ಸುತ್ತ ಕೆಂಪು ಗೆರೆ ಮೂಡುತ್ತದೆ, ಅಷ್ಟೆ. ಕೊನೆಗೆ ಓ.ಟಿ.ಪಿ. ಬರುತ್ತದೆ, ಅದನ್ನು ಕೇಳಿಸಿಕೊಂಡು ಪೆಟ್ಟಿಗೆಯನ್ನು ಹುಡುಕಿ ತುಂಬುವಷ್ಟರಲ್ಲಿ ಕಾಲಾವಕಾಶ ತೀರಿರುತ್ತದೆ.

ಆಗ ಆ ಗಿರಾಕಿ ಏನು ಮಾಡಬೇಕು? ಪಕ್ಕದ ಮನೆಯ ಹುಡುಗನನ್ನು ಕರೆದು ಮೊಬೈಲನ್ನೂ ಗುಪ್ತಸಂಖ್ಯೆಯನ್ನೂ ಅವನ ಕೈಗೆ ಕೊಡಬೇಕು. ಇಲ್ಲಿಯೇ ವಿಷಯದ ನಿಜವಾದ ತಿರುಳಿರುವುದು. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕುಗಳು ದಿನಬೆಳಗಾದರೆ ಸಾರುತ್ತವೆ. ತಮ್ಮ ಪುಟವನ್ನು ಕಟ್ಟಿರುವ ರೀತಿಯಿಂದ ಅದನ್ನು ಇನ್ನೊಬ್ಬರಿಗೆ ಹೇಳುವಂತೆಯೂ ಮಾಡುತ್ತವೆ. ಹಣ ಕಳೆದರೆ ಹೊಣೆ ಮಾತ್ರ ಗಿರಾಕಿಯದು. ಹೆಬ್ಬೆಟ್ಟಿನ ಕಾಲದ ಪರಾಧೀನತೆ ಬೇರೆ ವೇಷದಲ್ಲಿ ಮರಳಿದೆಯೆಂದರೆ ತಪ್ಪಾಗಲಾರದು.

ಯೂರೋಪಿನ ದೇಶಗಳು ಇದನ್ನು ದಾಕ್ಷಿಣ್ಯಕ್ಕೆ ಬಿಡದೆ ಕಾನೂನಿಗೆ ಒಳಪಡಿಸಿವೆ. 2019ರಲ್ಲಿ ಐರೋಪ್ಯ ಒಕ್ಕೂಟವು ಅಂಗೀಕರಿಸಿದ ಸುಗಮ್ಯತಾ ಶಾಸನವು 2025ರ ಜೂನ್ 28ರಿಂದ ಅನ್ವಯವಾಗಿದೆ. ಬ್ಯಾಂಕಿಂಗ್ ಸೇವೆ, ಜಾಲತಾಣದ ವ್ಯಾಪಾರ, ವಿದ್ಯುನ್ಮಾನ ಪುಸ್ತಕ, ದೂರವಾಣಿ ಸೇವೆ, ಎ.ಟಿ.ಎಂ. ಮತ್ತು ಟಿಕೆಟ್ ಯಂತ್ರಗಳು ಇದರ ವ್ಯಾಪ್ತಿಗೆ ಸೇರುತ್ತವೆ. ದಂಡವೆಷ್ಟೆಂಬುದನ್ನು ಆಯಾ ದೇಶವೇ ಗೊತ್ತುಮಾಡುತ್ತದೆ. ಮಾರುವವನು ಎಲ್ಲಿದ್ದಾನೆಂಬುದು ಇಲ್ಲಿ ಮುಖ್ಯವಲ್ಲ; ಕೊಳ್ಳುವ ಬಳಕೆದಾರನು ಯೂರೋಪಿನಲ್ಲಿದ್ದರೆ ಸಾಕು.

ಹಾಗಾದರೆ ವಿಶಾಖಪಟ್ಟಣದ ವ್ಯಾಪಾರಿಗೆ ಇದು ತಗಲುತ್ತದೆಯೇ? ಎಲ್ಲರಿಗೂ ತಗಲುವುದಿಲ್ಲ. ಸೀಗಡಿಯನ್ನು ಹಡಗಿನಲ್ಲಿ ಸಗಟಾಗಿ ಕಳುಹಿಸುವವರು ವ್ಯಾಪಾರ ಮಾಡುವುದು ಇನ್ನೊಂದು ಕಂಪನಿಯೊಡನೆ. ಶಾಸನದ ಗಮನವಿರುವುದು ಮನೆಯ ಬಳಕೆದಾರನ ಮೇಲೆ. ಏಟಿಕೊಪ್ಪಾಕದ ಅರಗಿನ ಗೊಂಬೆಗಳನ್ನೋ ಕೊಂಡಪಲ್ಲಿಯ ಮರದ ಗೊಂಬೆಗಳನ್ನೋ ಜಾಲತಾಣದ ಮೂಲಕ ಜರ್ಮನಿಯ ಗೃಹಸ್ಥರಿಗೆ ನೇರವಾಗಿ ಮಾರುವವರಿಗೆ ತಗಲುತ್ತದೆ. ಅಲ್ಲಿಯೂ 10ಕ್ಕಿಂತ ಕಡಮೆ ಜನ ದುಡಿಯುವ, ವಾರ್ಷಿಕ ವಹಿವಾಟು ಅಥವಾ ಆಸ್ತಿಪಟ್ಟಿಯ ಮೊತ್ತ 20 ಲಕ್ಷ ಯೂರೋ ಮೀರದ ಪುಟ್ಟ ಸೇವಾಸಂಸ್ಥೆಗಳಿಗೆ ವಿನಾಯಿತಿಯಿದೆ. ಇನ್ನು ಋಷಿಕೊಂಡದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಯೂರೋಪಿನ ಅಂಗಡಿಗಳಿಗಾಗಿ ಪುಟ ಕಟ್ಟುವವರನ್ನು ಈ ಶಾಸನವು ಒಪ್ಪಂದದ ಷರತ್ತಿನ ರೂಪದಲ್ಲಿ ಬಂದು ಮುಟ್ಟುತ್ತದೆ.

ಆದರೆ ಕಡಲಾಚೆಯ ಶಾಸನಕ್ಕಾಗಿ ಕಾದು ಕುಳಿತಿರಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ದೇಶದ ವಿಕಲಚೇತನರ ಹಕ್ಕುಗಳ ಅಧಿನಿಯಮವು 2016ರಲ್ಲಿಯೇ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸರ್ಕಾರವಿರಲಿ ಖಾಸಗಿಯವರಿರಲಿ, ಸೇವೆ ನೀಡುವವರೆಲ್ಲರೂ ನಿಯಮಗಳು ಪ್ರಕಟವಾದ ಎರಡು ವರ್ಷಗಳೊಳಗೆ ತಮ್ಮ ಸೇವೆಯನ್ನು ಸುಗಮಗೊಳಿಸಬೇಕೆಂದು ಅದರ 46ನೆಯ ಕಲಮು ಹೇಳುತ್ತದೆ. ಮೊದಲ ತಪ್ಪಿಗೆ 10,000 ರೂಪಾಯಿಯವರೆಗೆ, ಅನಂತರದ ತಪ್ಪುಗಳಿಗೆ 50,000ದಿಂದ 5 ಲಕ್ಷ ರೂಪಾಯಿಯವರೆಗೆ ದಂಡವುಂಟು. ಭಾರತೀಯ ಮಾನಕ ಬ್ಯೂರೋ 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಹೊರತಂದ ಐ.ಎಸ್. 17802 ಎಂಬ ಮಾನಕವು ಯೂರೋಪಿನ ಮಾನಕವನ್ನೇ ಬಹುಮಟ್ಟಿಗೆ ಅನುಸರಿಸಿದೆ. ಎಂದರೆ, ಬರ್ಲಿನ್ನಿನ ಅಂಗಡಿಗಾಗಿ ಋಷಿಕೊಂಡದಲ್ಲಿ ಕಲಿತ ಕೆಲಸವನ್ನು ಬೆಸೆಂಟ್ ರಸ್ತೆಯ ಅಂಗಡಿಗೆ ಹಾಗೆಯೇ ಮಾಡಿಕೊಡಬಹುದು. ವಿದ್ಯೆ ಊರಿನಲ್ಲಿಯೇ ಇದೆ, ಕೇಳುವವರು ಕಡಮೆ.

ನ್ಯಾಯಾಲಯ ಈಗ ಕೇಳತೊಡಗಿದೆ. ಸುಗಮ್ಯತೆಯನ್ನು ಬರಿಯ ಸಲಹೆಯಾಗಿ ಉಳಿಸಿದ್ದ ನಿಯಮವೊಂದನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಅಧಿನಿಯಮಕ್ಕೆ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ನಿಯಮಗಳನ್ನು ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರ ತೀರ್ಪು ಬ್ಯಾಂಕಿನವರು ಮುಖ್ಯವಾಗಿ ಓದಬೇಕಾದದ್ದು. ಆಮ್ಲದಾಳಿಗೆ ತುತ್ತಾದ ಮಹಿಳೆಯೊಬ್ಬರು ಖಾತೆ ತೆರೆಯಲು ಹೋದಾಗ, ಜೀವಂತ ವ್ಯಕ್ತಿಯೆಂಬುದನ್ನು ತೋರಿಸಲು ಕ್ಯಾಮರಾದೆದುರು ರೆಪ್ಪೆ ಮಿಟುಕಿಸಬೇಕೆಂದು ಕೇಳಲಾಯಿತು. ಮಿಟುಕಿಸಲು ಅವರಿಗೆ ಸಾಧ್ಯವಿರಲಿಲ್ಲ. ಅವರೂ ಅಂಧ ವಕೀಲರೊಬ್ಬರೂ ಸಲ್ಲಿಸಿದ ಅರ್ಜಿಗಳಲ್ಲಿ ನ್ಯಾಯಾಲಯವು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ಗ್ರಾಹಕರ ಗುರುತು ಪರಿಶೀಲನೆಯನ್ನು ಸುಗಮಗೊಳಿಸಲು 20 ನಿರ್ದೇಶನಗಳನ್ನು ನೀಡಿತು. ರೆಪ್ಪೆ ಮಿಟುಕಿಸುವುದಲ್ಲದೆ ಬೇರೆ ಬಗೆಯ ಪರೀಕ್ಷೆಗಳಿಗೂ ಅವಕಾಶವಿರಬೇಕೆಂಬುದು ಅವುಗಳಲ್ಲೊಂದು.

ಇವೆಲ್ಲ ಬೆರಳೆಣಿಕೆಯ ಜನರ ಸಮಸ್ಯೆಯೆಂದು ತಿಳಿಯುವುದು ಸರಿಯಲ್ಲ. 2011ರ ಜನಗಣತಿಯೇ 2.68 ಕೋಟಿ ವಿಕಲಚೇತನರನ್ನು ಲೆಕ್ಕ ಹಾಕಿತ್ತು. ನಲವತ್ತು ದಾಟಿದವರಿಗೆ ಚಾಳೀಸು ತಪ್ಪಿದ್ದಲ್ಲ. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸುತ್ತದೆ. ಪೊರೆ ಬಂದವರಿಗೆ ಬಿಳಿಯ ಮೇಲಿನ ತಿಳಿಬೂದು ಅಕ್ಷರ ಕಾಣುವುದೇ ಇಲ್ಲ. ಪಾರ್ಕಿನ್‌ಸನ್ ರೋಗಿಯ ಬೆರಳು ಸಣ್ಣ ಗುಂಡಿಯ ಮೇಲೆ ನಿಲ್ಲುವುದಿಲ್ಲ. ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯು ವಿಶಾಖಪಟ್ಟಣದಲ್ಲಿಯೂ ವಿಜಯವಾಡದ ಸಮೀಪದ ತಾಡಿಗಡಪದಲ್ಲಿಯೂ ಆಸ್ಪತ್ರೆಗಳನ್ನು ನಡೆಸುತ್ತಿದೆ. ಚಿಕಿತ್ಸೆಯಿಂದ ದೃಷ್ಟಿ ಮರಳದವರು ಕಣ್ಣಿನ ವೈದ್ಯರಲ್ಲಿ ಪುನರ್ವಸತಿ ತರಬೇತಿಯ ಬಗ್ಗೆಯೂ ವಿಚಾರಿಸುವುದು ಮೇಲು. ಆದರೆ ರೋಗಿ ಎಷ್ಟೇ ಕಲಿತರೂ ಗುಂಡಿಗೆ ಹೆಸರಿಡುವ ಕೆಲಸ ಅಂಗಡಿಯವರದೇ.

ಆ ಕೆಲಸ ಅಷ್ಟೇನೂ ದೊಡ್ಡದಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವರ್ಣಭೇದವಿರಬೇಕು. ಪ್ರತಿಯೊಂದು ಚಿತ್ರಕ್ಕೆ ಒಂದು ಸಾಲು ವಿವರಣೆ, ಗುಂಡಿಗೂ ಪೆಟ್ಟಿಗೆಗೂ ಹೆಸರು, ವೀಡಿಯೊದ ಮಾತಿಗೆ ಅಡಿಬರಹ, ತಪ್ಪಾದಾಗ ಬಣ್ಣದ ಜೊತೆಗೆ ಅಕ್ಷರದಲ್ಲಿಯೂ ಸೂಚನೆ, ಗಡುವನ್ನು ಹೆಚ್ಚಿಸಿಕೊಳ್ಳುವ ಅವಕಾಶ, ಇವು ಮುಖ್ಯವಾದವು. ಮನೆ ಕಟ್ಟುವಾಗಲೇ ಇಳಿಜಾರಿಗೆ ಜಾಗ ಬಿಟ್ಟರೆ ಖರ್ಚು ಅಲ್ಪ; ಆಮೇಲೆ ಮೆಟ್ಟಿಲು ಒಡೆದರೆ ದುಬಾರಿ. ಒಂದು ಸಾಲಿನ ಸಂಕೇತವನ್ನು ಅಂಟಿಸಿದರೆ ಎಲ್ಲವೂ ತಾನಾಗಿ ಸರಿಹೋಗುವುದೆಂದು ಮಾರುವವರಿದ್ದಾರೆ, ಎಚ್ಚರಿಕೆ ಬೇಕು. ಅಂಥ ಭರವಸೆ ಕೊಟ್ಟ ಕಂಪನಿಯೊಂದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು. ಮಾಲೀಕರು ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ: ಮೌಸನ್ನು ಕಳಚಿಟ್ಟು, ಕೀಲಿಮಣೆಯೊಂದರಿಂದಲೇ ತಮ್ಮ ಅಂಗಡಿಯ ಕೊನೆಯ ಪುಟದವರೆಗೆ ಹೋಗಿ ಹಣ ಪಾವತಿಸಲು ಯತ್ನಿಸುವುದು. ಹಲವರು ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತಾರೆ.

ದೇಶಭಾಷೆಗಳಲ್ಲಿ ಇನ್ನೊಂದು ತೊಡಕುಂಟು. ಯೂರೋಪಿನ ಪುಸ್ತಕಗಳಲ್ಲಿ ಇದಕ್ಕೆ ಪರಿಹಾರ ಹುಡುಕಿ ಫಲವಿಲ್ಲ. ತೆಲುಗಿನ ಮುದ್ರಣದಲ್ಲಿ ಅನು ಅಕ್ಷರಗಳೂ ಕನ್ನಡದಲ್ಲಿ ನುಡಿಯ ಹಳೆಯ ಅಕ್ಷರಗಳೂ ಬಹುಕಾಲದಿಂದ ಬಳಕೆಯಲ್ಲಿವೆ. ಅವು ಯೂನಿಕೋಡ್ ಅಲ್ಲ. ಕಣ್ಣಿಗೆ 'ಸ್ವಾಗತ' ಎಂದು ಕಂಡರೂ ಒಳಗೆ ಇರುವುದು ಇಂಗ್ಲಿಷಿನ ಚೆಲ್ಲಾಪಿಲ್ಲಿ ಅಕ್ಷರಗಳು. ಓದುವ ತಂತ್ರಾಂಶ ಅದನ್ನೇ ಉಚ್ಚರಿಸುತ್ತದೆ. ಯೂನಿಕೋಡಿನಲ್ಲಿ ಬರೆದು, ಪುಟದ ಭಾಷೆ ಕನ್ನಡವೆಂದು ಒಳಗೆ ನಮೂದಿಸಿದರೆ ತಂತ್ರಾಂಶ ಕನ್ನಡದ ದನಿಯನ್ನೇ ಆರಿಸಿಕೊಳ್ಳುತ್ತದೆ. ಸಂಘ ಸಂಸ್ಥೆಗಳು ರಾಜ್ಯೋತ್ಸವದ ಆಹ್ವಾನವನ್ನು ಚಿತ್ರವಾಗಿ ಮಾಡಿ ವಾಟ್ಸಾಪಿನಲ್ಲಿ ಕಳುಹಿಸುವಾಗ, ಅದೇ ಒಕ್ಕಣೆಯನ್ನು ಅಕ್ಷರರೂಪದಲ್ಲಿ ಕೆಳಗೆ ಬರೆದರೆ ಸಾಕು, ಅಂಧ ಸದಸ್ಯರು ದಿನಾಂಕವನ್ನೂ ಸ್ಥಳವನ್ನೂ ಯಾರನ್ನೂ ಕೇಳದೆ ತಿಳಿದುಕೊಳ್ಳುತ್ತಾರೆ. ಸ್ಮರಣ ಸಂಚಿಕೆಯ ಗಣಕ ಪ್ರತಿಯನ್ನು ಸಿದ್ಧಪಡಿಸುವಾಗ ಮುದ್ರಕರಿಗೆ ಯೂನಿಕೋಡ್ ಬಳಸಬೇಕೆಂದು ಮೊದಲೇ ತಿಳಿಸುವುದು ಒಳ್ಳೆಯದು. ಪುಟಗಳು ಅಚ್ಚಿಗೆ ಹೋದಮೇಲೆ ಕೇಳಿದರೆ ಮತ್ತೊಮ್ಮೆ ಜೋಡಿಸಬೇಕಾಗುತ್ತದೆ.