ಹಿರಿಯರ ಕಿವಿಗೆ ತಕ್ಕ ಶ್ರವಣಸಾಧನ

ಹಾಸನದಿಂದ ಸುಮಾರು ಹತ್ತು ಕಿಲೋಮೀಟರು ದೂರದ ಕೊರವಂಗಲದಲ್ಲಿ, 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯವಿದೆ. ಆ ಊರಿನ ಒಂದು ಮನೆಯನ್ನು ನಾವು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳೋಣ. ರಜೆಗೆ ಬಂದ ಮೊಮ್ಮಗನು, "ಅಜ್ಜಿ, ಹಾಲು ಹೆಂಗಿದೆ?" ಎಂದು ಕೇಳುತ್ತಾನೆ. ಅಜ್ಜಿ ಮೊಣಕಾಲನ್ನು ಸವರಿಕೊಂಡು, "ಈಗ ನೋವು ಕಮ್ಮಿ" ಎನ್ನುತ್ತಾರೆ. ಮನೆಯವರೆಲ್ಲ ನಗುತ್ತಾರೆ. ಮೊಮ್ಮಗನು ಗಟ್ಟಿಯಾಗಿ ಕೂಗಿದರೆ ಅಜ್ಜಿಯ ಉತ್ತರ: "ಕೂಗಬೇಡ ಕಣೋ ಮಗ, ಕೇಳಿಸ್ತದೆ, ಏನಂದೆ ಅಂತ ಗೊತ್ತಾಗಲ್ಲ." ಇಂಥ ನಗೆಗೆ ಅಂಜಿ ಎಷ್ಟೋ ಹಿರಿಯರು ಮಾತುಕತೆಯಿಂದಲೇ ದೂರ ಸರಿಯುವುದುಂಟು.

ಅಜ್ಜಿಯ ಮಾತಿನಲ್ಲಿ ಶಾಸ್ತ್ರಸತ್ಯವೊಂದು ಅಡಗಿದೆ. ಒಳಕಿವಿಯಲ್ಲಿ ಶಂಖದಂತೆ ಸುರುಳಿಗೊಂಡಿರುವ ನಾಳವೊಂದಿದೆ. ಅದರೊಳಗಿನ ಸುಮಾರು 15,000 ರೋಮಕೋಶಗಳು ಶಬ್ದದ ಕಂಪನಗಳನ್ನು ನರಗಳಿಗೆ ಮುಟ್ಟಿಸುತ್ತವೆ. ನಾಳದ ಬುಡದಲ್ಲಿರುವ ಕೋಶಗಳು ಹೆಚ್ಚು ಕಂಪನದ ಧ್ವನಿಗಳನ್ನೂ, ತುದಿಯಲ್ಲಿರುವವು ಕಡಿಮೆ ಕಂಪನದ ಧ್ವನಿಗಳನ್ನೂ ಗ್ರಹಿಸುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಬುಡದ ಕೋಶಗಳೇ ಮೊದಲು ನಶಿಸುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ.

ಕಾಲು, ಪಾಲು, ಸಾಲು, ಹಾಲು ಎಂಬ ನಾಲ್ಕು ಪದಗಳನ್ನು ನೋಡೋಣ. ನಾಲ್ಕರಲ್ಲಿಯೂ 'ಆಲು' ಎಂಬ ಭಾಗ ಒಂದೇ. ಭೇದವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. 'ಆ' ಸ್ವರದ ಬಲವು ಬಹುಮಟ್ಟಿಗೆ ಸೆಕೆಂಡಿಗೆ 1,500 ಕಂಪನಗಳ ಒಳಗಿದೆ. ಸಕಾರದ ಬಲವಾದರೋ ಹೆಚ್ಚಾಗಿ 4,000ಕ್ಕೂ ಮೇಲೆ. ಆದುದರಿಂದ ಅಜ್ಜಿಗೆ ಸ್ವರ ಕೇಳಿಸುತ್ತದೆ, ವ್ಯಂಜನ ಜಾರಿಹೋಗುತ್ತದೆ. ನಾವು ಕೂಗಿದಾಗ ಬೆಳೆಯುವುದು ಮುಖ್ಯವಾಗಿ ಸ್ವರವೇ; ಮಸುಕಾದುದು ಮಸುಕಾಗಿಯೇ ಉಳಿಯುತ್ತದೆ.

ಎಲ್ಲ ಧ್ವನಿಗಳನ್ನೂ ಒಂದೇ ಸಮನೆ ಹಿಗ್ಗಿಸುವ ಅಗ್ಗದ ಯಂತ್ರವು ಮಾಡುವುದೂ ಈ ಕೂಗುವ ಕೆಲಸವನ್ನೇ. ಇದಲ್ಲದೆ ಇನ್ನೊಂದು ತೊಡಕಿದೆ. ಮುಪ್ಪಿನ ಕಿವಿಗೆ ಮೆಲುದನಿ ಕೇಳಿಸದಿದ್ದರೂ, ಪಾತ್ರೆ ಬಿದ್ದ ಸದ್ದು ನಮಗಿಂತ ಕಡಿಮೆಯೇನೂ ಕೇಳಿಸದು. ಅದನ್ನು ಮತ್ತಷ್ಟು ಹಿಗ್ಗಿಸಿದರೆ ಹಿಂಸೆಯಾಗುವುದು. ಒಳ್ಳೆಯ ಸಾಧನವು ಯಾವ ಕಂಪನದಲ್ಲಿ ಎಷ್ಟು ಕೊರತೆಯಿದೆಯೋ ಅಲ್ಲಿ ಅಷ್ಟನ್ನು ತುಂಬಬೇಕು. ದೊಡ್ಡ ಸದ್ದನ್ನು ತಡೆಯಬೇಕು. ಆದಕಾರಣ ಕೊಳ್ಳುವ ಮೊದಲು ವೈದ್ಯರಿಂದ ಕಿವಿಯನ್ನು ತೋರಿಸಿಕೊಂಡು, ಗುಗ್ಗೆಯಿದ್ದರೆ ತೆಗೆಸಿ, ಶ್ರವಣಪರೀಕ್ಷೆ ಮಾಡಿಸುವುದು ಅವಶ್ಯಕ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಬಡ ಹಿರಿಯರಿಗೆ ಶ್ರವಣಸಾಧನ ಮೊದಲಾದವನ್ನು ಉಚಿತವಾಗಿ ಕೊಡುವುದಕ್ಕೆ ಕೇಂದ್ರ ಸರಕಾರವು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು.

ಕಿವಿಯಷ್ಟೇ ಮುಖ್ಯವಾದುದು ಕೈಬೆರಳು. ಕಿವಿಯ ಹಿಂದೆ ಕೂರುವ ಸಾಧನಗಳಲ್ಲಿ ಅನೇಕವು ಕಡಲೆಕಾಳಿನಷ್ಟು ಚಿಕ್ಕ ಸತು-ಗಾಳಿ ಬ್ಯಾಟರಿಯಿಂದ ನಡೆಯುತ್ತವೆ. ಅದರ ಮೇಲಿನ ಪಟ್ಟಿಯನ್ನು ಕಿತ್ತೊಡನೆ ಗಾಳಿ ಒಳಹೊಕ್ಕು ವಿದ್ಯುತ್ತು ಹುಟ್ಟುವುದು. ನಡುಗುವ ಬೆರಳಿಗೂ ಮಂಜಾದ ಕಣ್ಣಿಗೂ ಅದನ್ನು ಬದಲಿಸುವುದು ಕಷ್ಟ. ಅಂಥವರಿಗೆ ಚಾರ್ಜು ಮಾಡುವ ಬಗೆಯಾಗಲಿ, ದೊಡ್ಡ ತಿರುಗಣಿಯಿರುವ, ಜೇಬಿನಲ್ಲಿಡುವ ಬಗೆಯಾಗಲಿ ಮೇಲು. ಕಿವಿಯ ಅಚ್ಚು ತೆಗೆದು ಮಾಡಿದ ಬಿರಡೆ ಸರಿಯಾಗಿ ಕೂಡದಿದ್ದರೆ ಧ್ವನಿ ಸೋರಿ, ಯಂತ್ರವು ಸಿಳ್ಳೆ ಹಾಕುವುದು.

ಫೋನನ್ನು ಆರಿಸುವಾಗಲೂ ಇದೇ ನಿಯಮ. ಹಳೆಯ ಬಗೆಯ ದೂರವಾಣಿಯು 300ರಿಂದ 3,400 ಕಂಪನಗಳವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿದ್ದುದರಿಂದ ಸಕಾರದ ಬಹುಭಾಗ ದಾರಿಯಲ್ಲಿಯೇ ಕಳೆದುಹೋಗುತ್ತಿತ್ತು. ಸುಮಾರು 7,000ದವರೆಗೆ ಸಾಗಿಸುವ ಇಂದಿನ ಫೋನುಗಳು ಹಿರಿಯರಿಗೆ ಹಿತ.

ಆದರೂ ಸಾಧನವೊಂದೇ ಸಾಲದು. ಬೂಚೇಶ್ವರನ ಗುಡಿಯಂಥ ಕಲ್ಲಿನ ಮಂಟಪದಲ್ಲಿ ಮಾತು ಗೋಡೆಗೆ ಬಡಿದು ಮರಳಿ, ಒಂದು ಸ್ವರದ ಬಾಲವು ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಯಂತ್ರವು ಆ ಮರುದನಿಯನ್ನೂ ಹಿಗ್ಗಿಸುವುದು. ಅಲ್ಲಿ ಹತ್ತಿರ ನಿಂತು, ಬೆಳಕಿನಲ್ಲಿ ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು. 'ಪಾಲು' ಎನ್ನುವಾಗ ತುಟಿ ಮುಚ್ಚುತ್ತದೆ, 'ಹಾಲು' ಎನ್ನುವಾಗ ಮುಚ್ಚುವುದಿಲ್ಲ. ಕಿವಿಗೆ ಸಿಕ್ಕದ ವ್ಯಂಜನವನ್ನು ಅಜ್ಜಿಯ ಕಣ್ಣು ನಮ್ಮ ತುಟಿಯ ಮೇಲೆ ಓದಿಕೊಳ್ಳುತ್ತದೆ.